ಕೌದಿಯ ಕಾಯಕ

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ ಹೋದ ಹಳೆಯ ವಿದ್ಯಾರ್ಥಿಗಳು ಈ ಪತ್ರಿಕೆಯನ್ನು ತಪ್ಪದೆ ಓದುವರೆಂಬುದನ್ನು ನಾವು ಬಲ್ಲೆವು. ತಾವು ಮೊಟ್ಟಮೊದಲು ಊರಿನಿಂದ ಬಂದು ಬಸ್ಸಿಳಿದಾಗ ತಮ್ಮ ಬಳಿ ಏನಿತ್ತೆಂಬುದನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಒಂದು ತಗಡಿನ ಟ್ರಂಕು, ಒಂದು ತಾಟು, ಒಂದು ಚರಿಗೆ, ಹೆಗಲ ಮೇಲೆ ಹುರಿಯಿಂದ ಬಿಗಿದ ಕೌದಿಯ ಸುರುಳಿ. ಪುಸ್ತಕಗಳು ಆಮೇಲೆ ಬಂದವು. ಕೌದಿ ಮೊದಲು ಬಂದಿತು. ನೂರು ಹುಡುಗರು ಮಲಗುವ ಪಡಸಾಲೆಯಲ್ಲಿ ದೀಪ ಆರಿದ ಮೇಲೆಯೂ ತನ್ನ ಕೌದಿ ಯಾವುದೆಂದು ಪ್ರತಿಯೊಬ್ಬನೂ ಕೈಯಿಂದ ಮುಟ್ಟಿಯೇ ಹೇಳಬಲ್ಲವನಾಗಿದ್ದನು. ಏಕೆಂದರೆ ಒಂದರಂತೆ ಇನ್ನೊಂದು ಕೌದಿ ಇರುವುದಿಲ್ಲ. ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆದು ಬಂಡೆಗಳ ಮೇಲೆ ಹರವಿದಾಗ ಆ ದಂಡೆಯು ಹೇಗೆ ಕಾಣುತ್ತಿತ್ತೆಂಬುದನ್ನು ಕಂಡವರೇ ಬಲ್ಲರು.

ಇಂದು ಆ ಕೌದಿಯ ವಿಷಯವಾಗಿ ಕೆಲವು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ಮಠಾಧಿಪತಿಗಳಾದವರು ಕೌದಿಯ ಮೇಲೆ ಲೇಖನ ಬರೆಯುವುದೇ ಎಂದು ಯಾರಾದರೂ ಹುಬ್ಬೇರಿಸಿದರೆ ನಮಗೆ ಆಶ್ಚರ್ಯವಿಲ್ಲ. ಕೌದಿಯ ಮೇಲೆ ಬರೆಯುವುದಷ್ಟೇ ಅಲ್ಲ, ಕೌದಿಯನ್ನು ಹೊಲಿಯುವುದೂ ನಮ್ಮ ರೂಢಿಯಲ್ಲಿದೆ ಎಂಬುದು ಶ್ರೀಮಠಕ್ಕೆ ಬಂದು ಹೋಗುವವರಿಗೆ ಗೊತ್ತಿರುವ ಸಂಗತಿಯೇ.

ವಟುದೆಸೆಯಲ್ಲಿ ನಾವು ಮಲಪ್ರಭೆಯ ದಂಡೆಯ ಶಿವಯೋಗಮಂದಿರದಲ್ಲಿದ್ದೆವು. 1909ರಲ್ಲಿ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು ಕಟ್ಟಿದ ಆ ಪುಣ್ಯಸ್ಥಳದಲ್ಲಿ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವುದು, ಹರಿದರೆ ತಾನೇ ಹೊಲಿದುಕೊಳ್ಳುವುದು ವಟುವಿನ ಪಾಲಿಗೆ ಪಾಠದಷ್ಟೇ ಸಹಜವಾಗಿತ್ತು. ಕಾವಿಯ ಅಂಚಿಗೆ ತೇಪೆ ಹಚ್ಚುವುದನ್ನು ನಮಗೆ ಕಲಿಸಿದವರು ಹಿರಿಯ ಸಾಧಕರೊಬ್ಬರು. ಹೊಲಿಗೆ ಸೊಟ್ಟಗಾದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು. ಅಮರಕೋಶದ ಶ್ಲೋಕ ತಪ್ಪಿದಾಗಲೂ ಅವರು ಅಷ್ಟು ನಿಷ್ಠುರರಾಗುತ್ತಿರಲಿಲ್ಲ. ಅಲ್ಲಿ ಹತ್ತಿದ ಸೂಜಿಯ ಹುಚ್ಚು ಇಂದಿಗೂ ಬಿಟ್ಟಿಲ್ಲ. ಧಾರವಾಡದಲ್ಲಿ ಸಂಸ್ಕೃತ ಎಂ.ಎ. ಓದುವಾಗ ಅಲಂಕಾರಶಾಸ್ತ್ರದ ಕಾರಿಕೆಗಳನ್ನು ಬಾಯಿಪಾಠ ಮಾಡುತ್ತ ಮಾಡುತ್ತ ನಾವು ಹೊಲಿದ ಕೌದಿಯೊಂದು ಇನ್ನೂ ನಮ್ಮ ಬಳಿಯಿದೆ. ಅದರ ಒಂದು ಮಗ್ಗುಲಿನ ಹೊಲಿಗೆ ಬಹಳ ಸಣ್ಣದು, ಒತ್ತಾದುದು. ಇನ್ನೊಂದು ಮಗ್ಗುಲಿನದು ದೊಡ್ಡದು. ಪರೀಕ್ಷೆ ಹತ್ತಿರ ಬಂದಂತೆ ಹೊಲಿಗೆ ಹಿಗ್ಗುತ್ತ ಹೋಯಿತೆಂಬುದನ್ನು ಅದು ಮರೆಮಾಚದೆ ಹೇಳುತ್ತದೆ.

ಪೀಠದ ಮೇಲೆ ಕುಳಿತವರು ಸೂಜಿ ಹಿಡಿಯುವುದು ಶೋಭೆಯಲ್ಲವೆಂದು ಹಿಂದೊಮ್ಮೆ ಹಿರಿಯ ಭಕ್ತರೊಬ್ಬರು ನೊಂದುಕೊಂಡು ಹೇಳಿದ್ದುಂಟು. ಅವರ ಮೇಲಿನ ಗೌರವದಿಂದ ಆಗ ಸುಮ್ಮನಿದ್ದೆವು. ಆದರೆ ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯನ್ನು ತೆರೆದು ನೋಡುವವರಿಗೆ ಈ ಸಂಕೋಚ ಉಳಿಯಲಾರದು. ಸೂಜಿಕಾಯಕದ ರಾಮಿತಂದೆ ಎಂಬ ಶರಣನ ಹೆಸರಿನಲ್ಲಿಯೇ ಸೂಜಿಯಿದೆ. ಕದಿರ ರೆಮ್ಮವ್ವೆ ನೂಲು ತೆಗೆದಳು, ಜೇಡರ ದಾಸಿಮಯ್ಯ ನೇಯ್ದನು, ನುಲಿಯ ಚಂದಯ್ಯ ಹುಲ್ಲಿನಿಂದ ಹಗ್ಗ ಹೊಸೆದನು. ದಾಸಿಮಯ್ಯನನ್ನು ನಾವು ನಿತ್ಯವೂ ಸ್ಮರಿಸುತ್ತೇವೆ. ರಾಮಿತಂದೆಯನ್ನು ಸ್ಮರಿಸುವವರು ಕಡಿಮೆ. ಅವನ ವಚನಸಂಪತ್ತು ಬಹಳ ಚಿಕ್ಕದಾದುದು ಅದಕ್ಕೆ ಕಾರಣವಿರಬಹುದು. ವಚನ ಕಡಿಮೆಯಾದರೇನು, ಬಿರುದಿನ ಹಾಗೆ ಕಾಯಕವನ್ನು ಹೆಸರಿಗೆ ಅಂಟಿಸಿಕೊಂಡು ಎಂಟು ನೂರು ವರ್ಷ ಉಳಿದನಲ್ಲ, ಅದು ಸಾಮಾನ್ಯವೇ?

ಕೌದಿ ಎಂದರೇನೆಂಬುದನ್ನು ನಮ್ಮ ತಲೆಮಾರಿನವರಿಗೆ ಹೇಳಬೇಕಾಗಿಲ್ಲ. ಆದರೆ ಈ ಪತ್ರಿಕೆಯನ್ನು ಈಗ ಮೊಮ್ಮಕ್ಕಳೂ ಓದುತ್ತಾರಾದ್ದರಿಂದ ಸ್ವಲ್ಪ ವಿವರಿಸುತ್ತೇವೆ. ಉಟ್ಟು ಸವೆದ ಇಳಕಲ್ಲ ಸೀರೆಯೊಂದನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಡುತ್ತಾರೆ. ಅದರ ಮೇಲೆ ಹಳೆಯ ಧೋತರದ ಪದರುಗಳು. ಅರಳೆಯನ್ನು ತುಂಬುವುದಿಲ್ಲ, ಅರಳೆ ತುಂಬಿದ್ದು ಗಾದಿಯಾಗುತ್ತದೆ, ಕೌದಿಯಾಗುವುದಿಲ್ಲ. ಮೇಲ್ಪದರಿಗೆ ಅಂಗಿ, ಕುಪ್ಪಸ, ಲಂಗ, ದಟ್ಟಿ ಮೊದಲಾದ ಬಟ್ಟೆಗಳ ತುಂಡುಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಇಡುತ್ತಾರೆ. ಬಳಿಕ ದಪ್ಪ ಸೂಜಿ, ಹೊಸೆದ ನೂಲು ಹಿಡಿದು ಅಂಚಿನಿಂದ ಆರಂಭಿಸಿ ಚೌಕಾಕಾರವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಮ್ಮ ಪೂರ್ವಾಶ್ರಮದ ಮನೆಯಲ್ಲಿ ಕೊನೆಯ ತೇಪೆಯನ್ನು ಮುಚ್ಚುವ ಮುನ್ನ ಅದರೊಳಗೆ ಹೋಳಿಗೆಯ ಒಂದು ಚೂರನ್ನು ಇಡುತ್ತಿದ್ದರು. ಕೌದಿಯ ಹೊಟ್ಟೆ ಬರಿದಾಗಿರಬಾರದಂತೆ. ಇರುವೆ ಬರುವುದಲ್ಲ ಎಂದು ನಾವು ಬಾಲ್ಯದಲ್ಲಿ ಕೇಳಿದ್ದೆವು. ಇರುವೆಯ ಹೊಟ್ಟೆಯೂ ಹೊಟ್ಟೆಯೇ ಎಂದು ತಾಯಿಯವರು ಉತ್ತರಿಸಿದ್ದರು.

ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇವೆ. ಏಳು ಅಡಿ ಉದ್ದ, ಐದು ಅಡಿ ಅಗಲದ ಕೌದಿ ಎಂದಿಟ್ಟುಕೊಳ್ಳಿ. ಅರ್ಧ ಅಂಗುಲಕ್ಕೆ ಒಂದರಂತೆ ಸಾಲು ಹಾಕಿದರೆ 120 ಸಾಲುಗಳು. ಎಲ್ಲವನ್ನೂ ತುದಿಗೆ ತುದಿ ಜೋಡಿಸಿದರೆ 840 ಅಡಿ ಹೊಲಿಗೆ. ಅಂಗುಲಕ್ಕೆ ಮೂರು ಹೊಲಿಗೆಯೆಂದರೂ 30,000ಕ್ಕೆ ಮೀರಿ ಸಲ ಸೂಜಿಯು ಬಟ್ಟೆಯೊಳಗೆ ಮುಳುಗಿ ಏಳಬೇಕು. ದಿನಕ್ಕೆ ನಾಲ್ಕು ತಾಸು ಕುಳಿತರೆ ಇಪ್ಪತ್ತು ದಿನದ ಕೆಲಸ. ರುದ್ರಾಕ್ಷಿಮಾಲೆಯನ್ನು ಹಿಡಿದು ಮೂವತ್ತು ಸಾವಿರ ಜಪ ಮಾಡಿದವರನ್ನು ನಾವು ಸಾಧಕರೆನ್ನುತ್ತೇವೆ. ಕೌದಿ ಹೊಲಿದವಳನ್ನು ಮನೆಯಲ್ಲಿ ಖಾಲಿ ಕುಳಿತ ಹೆಂಗಸು ಎನ್ನುತ್ತೇವೆ.

ಈ ವಸ್ತುವಿಗೆ ನಾಡಿನಲ್ಲಿ ಹೆಸರುಗಳು ಹಲವು. ಕೌದಿ, ಕವದಿ, ಮರಾಠಿಯ ಗೋದಡಿ, ಕೊಂಕಣ ಸೀಮೆಯ ವಾಕಳ. ಬಂಗಾಳದವರು ಇದನ್ನು ಕಾಂಥಾ ಎನ್ನುತ್ತಾರೆ. ಅದು ಸಂಸ್ಕೃತದ ಕಂಥಾ, ನಮ್ಮ ಕಂಥೆ. ವಿರಕ್ತರು ಹೊದೆಯುವ ತೇಪೆಯ ಬಟ್ಟೆ. ಬೌದ್ಧ ಭಿಕ್ಷುಗಳ ಚೀವರದ ವಿಷಯದಲ್ಲಿ ವಿನಯಪಿಟಕವು ಒಂದು ಸೊಗಸಾದ ಸಂಗತಿಯನ್ನು ಹೇಳುತ್ತದೆ. ಮಗಧ ದೇಶದ ಬತ್ತದ ಗದ್ದೆಗಳು ಬದುಗಳಿಂದ ಚೌಕ ಚೌಕವಾಗಿ ಹರಡಿದ್ದುದನ್ನು ಕಂಡ ಬುದ್ಧನು ಚೀವರವನ್ನೂ ಹಾಗೆಯೇ ತುಂಡುಗಳಿಂದ ಜೋಡಿಸಬಹುದೇ ಎಂದು ಆನಂದನನ್ನು ಕೇಳಿದನಂತೆ. ಆನಂದನು ಹಾಗೆಯೇ ಹೊಲಿದು ತಂದನಂತೆ. ಇದನ್ನು ವಿದ್ಯಾರ್ಥಿದೆಸೆಯಲ್ಲಿ ಓದಿದ್ದೆವು. ಅದರ ಅರ್ಥವು ಕಣ್ಣಿಗೆ ಕಟ್ಟಿದಂತೆ ಆದುದು ಬಹಳ ವರ್ಷಗಳ ನಂತರ, ಹೊಳನಗದ್ದೆಯಲ್ಲಿ.

ಹೊಳನಗದ್ದೆಯು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ಒಂದು ಕಡಲಬದಿಯ ಊರು. ನಮ್ಮ ಕಡೆಯ ಭಕ್ತರಿಗೆ ಅದರ ಹೆಸರು ಅಷ್ಟಾಗಿ ಪರಿಚಿತವಲ್ಲ. ಗೋಕರ್ಣಕ್ಕೆ ಹೋಗುವವರು ಆಚೆಯ ಹೆದ್ದಾರಿಯಲ್ಲಿಯೇ ಹಾದುಹೋಗುತ್ತಾರೆ. ಕುಮಟೆಯಲ್ಲಿ ನೆಲೆಸಿರುವ ನಮ್ಮ ಭಕ್ತರೊಬ್ಬರ ಒತ್ತಾಯಕ್ಕಾಗಿ 2011ರಲ್ಲಿ ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಆ ಸೀಮೆಗೆ ಹೋಗಿದ್ದೆವು. ಹೆಸರಿನಲ್ಲಿ ಗದ್ದೆಯಿರುವ ಊರಿನಲ್ಲಿ ಗದ್ದೆಗಳೂ ಇದ್ದವು. ತೆಂಗಿನ ತೋಟಗಳ ನಡುವೆ ಬದುವಿಗೆ ಬದು ಹತ್ತಿಕೊಂಡು ಹಸುರಿನ ತೇಪೆಗಳು. ಆನಂದನು ಎದುರಿಗೆ ಸೂಜಿ ಹಿಡಿದು ನಿಂತಂತೆ ನಮಗೆ ಭಾಸವಾಯಿತು.

ಅಲ್ಲಿ ನರಗುಂದ ಸೀಮೆಯ ಒಬ್ಬ ತಾಯಿ ಇದ್ದಾರೆಂದು ಕುಮಟೆಯ ಭಕ್ತರು ಹೇಳಿದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂಬುದು ಅವರ ಇಚ್ಛೆ. ಕೊಂಕಣ ರೈಲುಮಾರ್ಗವನ್ನು ಕಟ್ಟುತ್ತಿದ್ದ ಕಾಲದಲ್ಲಿ ನಮ್ಮ ಕಡೆಯಿಂದ ಎಷ್ಟೋ ಕುಟುಂಬಗಳು ಕಲ್ಲು, ಮಣ್ಣು, ಗಾರೆಯ ಕೆಲಸಕ್ಕೆಂದು ಕರಾವಳಿಗೆ ಇಳಿದವು. ಈ ತಾಯಿಯ ಯಜಮಾನರು ಗೌಂಡಿ ಕೆಲಸದವರು. 1998ರಲ್ಲಿ ಮಾರ್ಗವು ಪೂರ್ಣವಾಗಿ ಓಡಾಟಕ್ಕೆ ತೆರೆದ ಮೇಲೆ ಬಹುಜನರು ಊರಿಗೆ ಮರಳಿದರು, ಇವರು ಮನೆ ಕಟ್ಟುವ ಕೆಲಸ ಹಿಡಿದು ಅಲ್ಲಿಯೇ ನಿಂತರು. 2006ರಲ್ಲಿ ಯಜಮಾನರು ಕಾಯಿಲೆಯಿಂದ ಲಿಂಗೈಕ್ಯರಾದರು. ಇಬ್ಬರು ಹೆಣ್ಣುಮಕ್ಕಳು ಅಲ್ಲಿಯ ಶಾಲೆಯಲ್ಲಿ ಓದುತ್ತಿದ್ದರು. ತವರಿನವರು ಬಾ ಎಂದರು. ಹೋದರೆ ಮಕ್ಕಳ ಓದು ನಿಲ್ಲುತ್ತದೆಯೆಂದು ತಿಳಿದಿದ್ದ ಆ ತಾಯಿ ಹೋಗಲಿಲ್ಲ. ಅವರ ಬಳಿ ಇದ್ದುದು ಒಂದೇ ವಿದ್ಯೆ. ಎಂಟು ವರ್ಷದವರಿದ್ದಾಗ ಅಜ್ಜಿಯ ತೊಡೆಯ ಪಕ್ಕದಲ್ಲಿ ಕುಳಿತು ಕಲಿತ ಕೌದಿಯ ವಿದ್ಯೆ. ಮದುವೆಯಾಗಿ ಬರುವಾಗ ಟ್ರಂಕಿನಲ್ಲಿ ಸೀರೆಗಿಂತ ಚಿಂದಿಯೇ ಹೆಚ್ಚು ತಂದಿದ್ದೆನೆಂದು ಅವರು ನಕ್ಕು ಹೇಳಿದರು.

ವಿದ್ಯೆಯೇನೋ ಇತ್ತು, ಆದರೆ ಅದು ಬಯಲುಸೀಮೆಯ ವಿದ್ಯೆ. ಗದಗ ನರಗುಂದಗಳ ಕಡೆ ವರ್ಷಕ್ಕೆ ಬೀಳುವ ಮಳೆಯ ಐದು ಪಟ್ಟು ಮಳೆ ಕರಾವಳಿಯಲ್ಲಿ ಬೀಳುತ್ತದೆ. ಮೂರು ಸಾವಿರ ಮಿಲಿಮೀಟರನ್ನು ದಾಟದ ವರ್ಷ ಅಪರೂಪ. ನಮ್ಮ ಐದಾರು ಪದರಿನ ಕೌದಿ ಅಲ್ಲಿ ಜೂನ್‌ನಲ್ಲಿ ತೊಯ್ದರೆ ಸೆಪ್ಟೆಂಬರಿನವರೆಗೆ ಒಣಗುವ ಮಾತಿಲ್ಲ. ಬೂಜು ಹಿಡಿದು ಕರಿಚುಕ್ಕೆ ಬೀಳುತ್ತದೆ. ಬೇಸಗೆಯಲ್ಲೋ ಸೆಕೆ, ದಪ್ಪ ಕೌದಿಯನ್ನು ಯಾರೂ ಮೈಮೇಲೆ ಎಳೆದುಕೊಳ್ಳರು. ಆ ತಾಯಿ ಎರಡು ಮಳೆಗಾಲ ಕಾದು ನೋಡಿ ತಮ್ಮ ಕೌದಿಯನ್ನೇ ಬದಲಿಸಿದರು. ಪದರುಗಳನ್ನು ಮೂರಕ್ಕೆ ಇಳಿಸಿದರು. ಧೋತರದ ಬದಲು ನಡುವೆ ಹಳೆಯ ಪಂಚೆಯ ತೆಳುಬಟ್ಟೆ ಹಾಕಿದರು. ಪದರು ಕಡಿಮೆಯಾದಾಗ ಬಟ್ಟೆ ಜಾರುತ್ತದೆಯಾದ್ದರಿಂದ ಸಾಲುಗಳನ್ನು ಮತ್ತಷ್ಟು ಒತ್ತಾಗಿ ಹಾಕಬೇಕಾಯಿತು. ಅಂದರೆ ಬಟ್ಟೆ ಉಳಿಯಿತು, ಕೈಕೆಲಸ ಹೆಚ್ಚಿತು. ಮಳೆಗಾಲದಲ್ಲಿ ಹೊಲಿದದ್ದನ್ನು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿ ಶಾಖದಲ್ಲಿ ಆರಿಸುವುದನ್ನು ನೆರೆಯವರಿಂದ ಕಲಿತರು. ಶಾಸ್ತ್ರವನ್ನು ದೇಶಕಾಲಕ್ಕೆ ತಕ್ಕಂತೆ ಅನ್ವಯಿಸಬೇಕೆಂದು ನಾವು ಪ್ರವಚನಗಳಲ್ಲಿ ಹೇಳುತ್ತಲೇ ಇರುತ್ತೇವೆ. ಅನ್ವಯಿಸಿದವರನ್ನು ಕಂಡದ್ದು ಕಡಿಮೆ.

ಮೊದಮೊದಲು ನೆರೆಹೊರೆಯ ಹೆಣ್ಣುಮಕ್ಕಳು ಬಾಣಂತಿಯ ಮಗುವಿಗೆಂದು ಹಳೆಯ ಬಟ್ಟೆ ತಂದುಕೊಟ್ಟು ಸಣ್ಣ ಕೌದಿ ಹೊಲಿಸಿಕೊಂಡರು. ಹಣದ ಮಾತಿರಲಿಲ್ಲ. ಒಬ್ಬರು ನಾಲ್ಕು ತೆಂಗಿನಕಾಯಿ ಕೊಟ್ಟರು, ಇನ್ನೊಬ್ಬರು ಕುಮಟೆಯ ಸಿಹಿ ಈರುಳ್ಳಿಯ ಒಂದು ಜಡೆ ಕೊಟ್ಟರು. ಪಕ್ಕದ ಮನೆಯ ಅಂಬಿಗ ತಾಯಿ ಅಭಿಮಾನದಿಂದ ತಾಜಾ ಬಂಗಡೆ ಮೀನು ತಂದಾಗ ಇವರು ಕೊರಳ ಲಿಂಗವನ್ನು ತೋರಿಸಿ ಕೈಮುಗಿದರಂತೆ. ಆಕೆ ಒಂದು ಕ್ಷಣ ಯೋಚಿಸಿ, ಮೀನನ್ನು ಮಾರಿ ಬಂದ ಹಣದಲ್ಲಿ ಬೆಲ್ಲ ತಂದುಕೊಟ್ಟಳಂತೆ. ಈ ಬಗೆಯ ಲೋಕವ್ಯವಹಾರವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಲಾರದು.

ಮೊದಲ ಬಾರಿಗೆ ಹಣ ಕೊಟ್ಟವರು ಒಬ್ಬ ಶಾಲಾಮಾಸ್ತರರು. ಆ ಹಣವನ್ನು ಖರ್ಚು ಮಾಡದೆ ದೇವರ ಗೂಡಿನಲ್ಲಿಟ್ಟಿದ್ದ ಆ ತಾಯಿ, ನಾವು ಹೋದಾಗ ಅದನ್ನೇ ನಮ್ಮ ಮುಂದೆ ತಂದು ಇಟ್ಟರು.

“ಅಜ್ಜಾರ, ನಮ್ಮವ್ವ ಕೌದಿಗೆ ಎಂದೂ ರೊಕ್ಕ ತೊಗೊಂಡಾಕಿ ಅಲ್ಲರಿ. ಕೌದಿ ಅಂದ್ರ ಕೊಡೂದು, ಮಾರೂದಲ್ಲ ಅಂತಿದ್ಲು. ಈಗ ನಾನು ರೊಕ್ಕ ತೊಗೊಂಡ್ರ ಪ್ರೀತೀನ ಮಾರಿದಂಗ ಆಗತೈತೇನ್ರಿ?”

ಓದುಗರೇ, ಇದು ಸಣ್ಣ ಪ್ರಶ್ನೆಯಲ್ಲ. ಮನಸ್ಸಿಗೆ ಒಲಿದ ಕೆಲಸವನ್ನೇ ಹೊಟ್ಟೆಯ ಕೆಲಸವನ್ನಾಗಿ ಮಾಡಿಕೊಂಡರೆ ಒಲವು ಉಳಿಯುವುದೇ ಎಂಬುದು ಹಾಡುವವನನ್ನೂ ಬರೆಯುವವನನ್ನೂ, ಏಕೆ, ಪುರಾಣ ಹೇಳುವ ನಮ್ಮಂಥವರನ್ನೂ ಕಾಡುವ ಪ್ರಶ್ನೆ. ನಾವು ಅವರಿಗೆ ಆಯ್ದಕ್ಕಿ ದಂಪತಿಗಳ ಕಥೆಯನ್ನು ನೆನಪಿಸಿದೆವು. ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳು. ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಅದರ ಒಂದು ಮಗ್ಗುಲನ್ನು ನಾವು ಮರೆಯುತ್ತೇವೆ. ಲಕ್ಕಮ್ಮನು ಅಕ್ಕಿಯನ್ನೇ ತರಬೇಡವೆನ್ನಲಿಲ್ಲ. ಮನೆಗೆ ಬೇಕಾದಷ್ಟು, ದಾಸೋಹಕ್ಕೆ ಬೇಕಾದಷ್ಟು ತರಲೇಬೇಕಿತ್ತು. ಪ್ರಶ್ನೆಯು ತೆಗೆದುಕೊಳ್ಳುವುದೋ ಬಿಡುವುದೋ ಎಂಬುದಲ್ಲ, ಎಷ್ಟು ಎಂಬುದು. ಇದನ್ನು ಹೇಳಿ, ಆ ಹಣವನ್ನು ಅವರ ಕೈಗೇ ಮರಳಿ ಕೊಟ್ಟೆವು.

ಮುಂದಿನ ಸಲ ಹೋಗುವುದರೊಳಗೆ ಆ ತಾಯಿ ತಮ್ಮದೇ ಒಂದು ನಿಯಮವನ್ನು ಕಟ್ಟಿಕೊಂಡಿದ್ದರು. ಬಟ್ಟೆಗೆ ಬೆಲೆಯಿಲ್ಲ, ಕೈಗೆ ಕೂಲಿಯುಂಟು. ಹೊಲಿಸಿಕೊಳ್ಳುವವರು ತಮ್ಮ ಮನೆಯ ಬಟ್ಟೆಯನ್ನೇ ತರಬೇಕು. ಎಷ್ಟು ದಿನ ಹಿಡಿಯಿತೋ ಅಷ್ಟು ದಿನದ ಕೂಲಿ, ಆ ಊರಿನಲ್ಲಿ ಗದ್ದೆನಾಟಿಗೆ ಹೋಗುವ ಹೆಣ್ಣಾಳಿನ ಅರ್ಧ ದಿನದ ಕೂಲಿಯ ಲೆಕ್ಕದಲ್ಲಿ. ವಿಚಾರಿಸಿ ನೋಡಿದರೆ ಇದು ಹೊಸದೇನೂ ಅಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ ಕಡೆ ಗೊಂದಲಿಗರ ಹೆಣ್ಣುಮಕ್ಕಳು ಮನೆಮನೆಗೆ ಬಂದು, ಆ ಮನೆಯ ಹಳೆಯ ಬಟ್ಟೆಯಿಂದಲೇ ಕೌದಿ ಹೊಲಿದುಕೊಟ್ಟು ಕಾಳು ಕಡಿ, ಕೂಲಿ ಪಡೆಯುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಕೌದಿಯನ್ನು ಜೀವನೋಪಾಯ ಮಾಡಿಕೊಂಡ ಮೊದಲಿಗರು ಆ ತಾಯಂದಿರು. ಅವರ ಹೆಸರನ್ನು ಯಾವ ಗ್ರಂಥವೂ ಬರೆದಿಟ್ಟಿಲ್ಲ.

ಇನ್ನು ಹೇಳಬೇಕಾದ ಸಂಗತಿ 2016ರದು. ಗೋಕರ್ಣಕ್ಕೆಂದು ಬಂದಿದ್ದ ದೂರದ ನಗರದ ಸಿರಿವಂತರೊಬ್ಬರು ಯಾರಿಂದಲೋ ಕೇಳಿ ಹೊಳನಗದ್ದೆಗೆ ಬಂದರು. ಮಾರಲು ಸಿದ್ಧವಿದ್ದ ಕೌದಿ ಯಾವುದೂ ಇರಲಿಲ್ಲ. ಒಳಗಿನ ಮಂಚದ ಮೇಲೆ ಹಾಸಿದ್ದ ಕೌದಿಯು ಅವರ ಕಣ್ಣಿಗೆ ಬಿತ್ತು. ಅದು ಆ ತಾಯಿ ಯಜಮಾನರು ತೀರಿಕೊಂಡ ವರ್ಷದಲ್ಲಿ ಅವರ ಕೆಲಸದ ಅಂಗಿಗಳಿಂದ ಹೊಲಿದದ್ದು. ಗಾರೆಯ ಕಲೆ ಕೆಲವು ತೇಪೆಗಳ ಮೇಲೆ ಇಂದಿಗೂ ಇದೆ. ಬಂದವರು ಹದಿನೈದು ಸಾವಿರ ರೂಪಾಯಿ ಕೊಡುತ್ತೇನೆಂದರು. ಹಿರಿಯ ಮಗಳ ನರ್ಸಿಂಗ್ ತರಗತಿಯ ಶುಲ್ಕ ಕಟ್ಟಲು ಆಗ ಎಂಟು ದಿನ ಉಳಿದಿದ್ದವು. ಬೇಕಾಗಿದ್ದುದು ಹೆಚ್ಚುಕಡಿಮೆ ಅಷ್ಟೇ ಹಣ. ನಾಳೆ ಬನ್ನಿರೆಂದು ಹೇಳಿ ಕಳಿಸಿದ ಆ ತಾಯಿ ರಾತ್ರಿಯೆಲ್ಲ ಮಲಗಲಿಲ್ಲ. ಮರುದಿನ ಬಂದವರಿಗೆ, ತಮ್ಮ ತಾಯಿಯವರ ಸೀರೆಗಳಿದ್ದರೆ ಕಳಿಸಿರಿ, ಇದಕ್ಕಿಂತ ಚೆಂದದ್ದನ್ನು ಹೊಲಿದುಕೊಡುತ್ತೇನೆ, ಕೂಲಿ ಎರಡು ಸಾವಿರ ಸಾಕು ಎಂದರು. ಅವರು ಬೇಸರದಿಂದ ಹೊರಟುಹೋದರು. ಸೀರೆಗಳು ಬರಲಿಲ್ಲ.

ಶುಲ್ಕಕ್ಕೆ ಕುಮಟೆಯ ಭಕ್ತರಲ್ಲಿ ಸಾಲ ಮಾಡಿದರು. ಆ ಸಾಲ ತೀರಿಸಲು ಆರು ತಿಂಗಳು ರಾತ್ರಿ ದೀಪದಲ್ಲಿ ಹೊಲಿದು ಕಣ್ಣು ಮಂಜಾಗಿ ಕನ್ನಡಕ ಬಂದಿತು. ಈ ಸಂಗತಿ ನಮಗೆ ತಿಳಿದದ್ದು ಮರುವರ್ಷ. ನಮ್ಮನ್ನು ಕೇಳಿದ್ದರೆ ಮಾರೆಂದೇ ಹೇಳುತ್ತಿದ್ದೆವು; ಅದನ್ನು ಅವರಿಗೂ ಹೇಳಿದೆವು. ಮೃತರ ಅಂಗಿಗಿಂತ ಬದುಕಿರುವ ಮಗಳ ಓದು ದೊಡ್ಡದು. ಲಿಂಗೈಕ್ಯರಾದವರು ಬಟ್ಟೆಯಲ್ಲಿ ಇರುವುದಿಲ್ಲ. ಈ ಅಭಿಪ್ರಾಯವನ್ನು ಇಂದಿಗೂ ಬಿಟ್ಟಿಲ್ಲ. ಆದರೆ ಆ ತಾಯಿ ಕೊಟ್ಟ ಉತ್ತರವನ್ನೂ ಓದುಗರು ಕೇಳಬೇಕು.

“ಅವರ ಅಂಗಿ ಅಂತ ಬಿಡಲಿಲ್ಲ ಅಂತ ತಿಳಕೋಬ್ಯಾಡ್ರಿ ಅಜ್ಜಾರ. ಒಂದ್ಸಲ ಹದಿನೈದು ಸಾವಿರ ಕೈಯಾಗ ಹಿಡದ್ರ, ಮುಂದ ಆ ಅಂಬಿಗರ ಅಕ್ಕನ ಮೊಮ್ಮಗನ ಕೌದಿಗೆ ಎಂಟುನೂರು ತೊಗೊಂಡು ಹೊಲ್ಯಾಕ ನನ್ನ ಕೈ ಏಳತಿತ್ತೇನ್ರಿ?”

ಈ ಮಾತಿಗೆ ನಾವು ಎದುರಾಡಲಿಲ್ಲ.

ಇಂಥದೇ ಪ್ರಶ್ನೆಯು ಬೇರೆ ದೇಶದಲ್ಲಿಯೂ ಬೇರೆ ರೂಪದಲ್ಲಿ ಎದ್ದಿದೆ. ಅಮೇರಿಕದ ಅಲಬಾಮಾ ರಾಜ್ಯದಲ್ಲಿ ನದಿಯೊಂದರ ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಹತ್ತಿಯ ಹೊಲಗಳಿಗೆ ಗುಲಾಮರಾಗಿ ತರಲ್ಪಟ್ಟ ಕರಿಯ ಜನರ ಸಂತತಿಯವರು ಅಲ್ಲಿದ್ದಾರೆ. ಅಲ್ಲಿಯ ಹೆಂಗಸರು ಹೊಲದ ಕೆಲಸದ ಹರಿದ ಬಟ್ಟೆಗಳಿಂದ ಚಳಿಗೆ ಹೊದಿಕೆ ಹೊಲಿಯುತ್ತಿದ್ದರು, ನಮ್ಮ ಕೌದಿಯೇ. ನೀಗ್ರೋ ಜನರ ನಾಗರಿಕ ಹಕ್ಕಿನ ಹೋರಾಟದ ಕಾಲದಲ್ಲಿ, 1966ರಲ್ಲಿ, ಆ ನೆರೆಹೊರೆಯ ಹೆಂಗಸರು ಒಂದು ಸಹಕಾರ ಸಂಘವನ್ನು ಕಟ್ಟಿ ಮಾರಾಟಕ್ಕೆ ಇಳಿದರು. ದೊಡ್ಡ ದೊಡ್ಡ ಅಂಗಡಿಗಳಿಂದ ಬೇಡಿಕೆ ಬಂದಿತು. ಅದರೊಡನೆ ಒಂದು ಕರಾರೂ ಬಂದಿತು: ಎಲ್ಲವೂ ಒಂದೇ ಮಾದರಿಯಲ್ಲಿ, ಒಂದೇ ಅಳತೆಯಲ್ಲಿ ಇರಬೇಕು. ಸಂಬಳ ಸಿಕ್ಕಿತು, ಮನೆಗಳು ನಿಂತವು. ಮನಬಂದಂತೆ ತುಂಡು ಜೋಡಿಸುವ ಸ್ವಾತಂತ್ರ್ಯವು ಮಾತ್ರ ಆ ಕೆಲಸದಲ್ಲಿ ಉಳಿಯಲಿಲ್ಲ. ಅವರು ತಮಗಾಗಿ ಹೊಲಿದುಕೊಂಡಿದ್ದ ಹಳೆಯ ಹೊದಿಕೆಗಳನ್ನೇ 2002ರಲ್ಲಿ ಹ್ಯೂಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿ ಗೋಡೆಗೆ ತೂಗುಹಾಕಿ ಲೋಕವೆಲ್ಲ ಕೊಂಡಾಡಿತು. 2006ರಲ್ಲಿ ಆ ದೇಶದ ಅಂಚೆಚೀಟಿಗಳ ಮೇಲೂ ಅವು ಬಂದವು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚೆನ್ನಬಸವಣ್ಣನವರು ಐಕ್ಯರಾದ ಉಳವಿಯ ಜಾತ್ರೆಗೆ ಭಾರತ ಹುಣ್ಣಿಮೆಯ ಸಮಯದಲ್ಲಿ ಧಾರವಾಡ, ಬೆಳಗಾವಿಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಹೋಗುವುದನ್ನು ತಾವು ಬಲ್ಲಿರಿ. ಆ ಚಕ್ಕಡಿಗಳಲ್ಲಿ ಕಾಡಿನ ಚಳಿಗೆಂದು ಕೌದಿಗಳಿರುತ್ತವೆ. ದಾರಿಯ ಹಳಿಯಾಳದ ಕಡೆಯ ಕಾಡಂಚಿನಲ್ಲಿ, ಯಲ್ಲಾಪುರ, ಮುಂಡಗೋಡಗಳಲ್ಲಿ ಸಿದ್ದಿ ಜನರ ಹಾಡಿಗಳಿವೆ. ಇವರ ಪೂರ್ವಜರೂ ಆಫ್ರಿಕದವರೇ. ಪೋರ್ಚುಗೀಸರ, ಅರಬರ ಹಡಗುಗಳಲ್ಲಿ ಈ ನೆಲಕ್ಕೆ ಬಂದವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ, ಮೂವರೂ ಕೌದಿ ಹೊಲಿಯುತ್ತಾರೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸಲ್ಮಾನರ ಕೌದಿಯಲ್ಲಿ ಅರ್ಧಚಂದ್ರ ಕಾಣುವುದುಂಟು. ಸೂಜಿ ನಡೆಯುವ ಹಾದಿ ಮಾತ್ರ ಒಂದೇ, ಅಂಚಿನಿಂದ ನಡುವಿಗೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಫೂಲು, ಅಂದರೆ ಹೂವು, ಹಚ್ಚುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಅಮೇರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಾಲ್ ಎಂಬವರು ಇದನ್ನು ಕಂಡು ಬೆರಗಾಗಿ, 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವು ಹುಟ್ಟಲು ನೆರವಾದರು. ಕೌದಿಗಳು ಕಡಲು ದಾಟಿ ಪ್ರದರ್ಶನಕ್ಕೆ ಹೋದವು, ಮಾರಾಟವೂ ಆದವು. ನಮ್ಮ ಜಿಲ್ಲೆಗಳ ಪಂಡಿತರಾದ ನಾವು ಅದೇ ದಾರಿಯಲ್ಲಿ ವರ್ಷವರ್ಷವೂ ಜಾತ್ರೆಗೆ ಹೋಗಿ ಬರುತ್ತಿದ್ದೆವು. ನಮ್ಮ ಕಣ್ಣಿಗೆ ಅವು ಬೇಲಿಯ ಮೇಲೆ ಒಣಹಾಕಿದ ಚಿಂದಿಗಳಾಗಿಯೇ ಕಂಡವು.

ಕೌದಿ ಏಕೆ ಕಡಿಮೆಯಾಗುತ್ತಿದೆ ಎಂದು ತಾವು ಕೇಳಬಹುದು. ಬಡತನ ಕಡಿಮೆಯಾದದ್ದರಿಂದ ಎಂಬುದು ಅರ್ಧ ಉತ್ತರ. ಪಾಣಿಪತ್ತಿನಿಂದ ಬರುವ ಅಗ್ಗದ ಯಂತ್ರದ ಹೊದಿಕೆಗಳು ಪೇಟೆಗಳನ್ನು ತುಂಬಿದವು. ಅದಕ್ಕಿಂತ ದೊಡ್ಡ ಕಾರಣ ಮನೆಯಲ್ಲಿಯೇ ಇದೆ. ನೂಲಿನ ಸೀರೆ ಹೋಗಿ ಪಾಲಿಯೆಸ್ಟರ್ ಸೀರೆ ಬಂದಿತು. ಅದು ಹರಿಯುವುದೂ ಇಲ್ಲ, ಸವೆದು ಮೆತ್ತಗಾಗುವುದೂ ಇಲ್ಲ. ಸೂಜಿಗೆ ಜಾರುತ್ತದೆ, ಬೆವರನ್ನು ಹೀರುವುದಿಲ್ಲ. ಕೌದಿಯ ಹಿತವೆಲ್ಲ ಇರುವುದು ಹತ್ತು ಹದಿನೈದು ವರ್ಷ ಒಗೆತ ತಿಂದ ನೂಲುಬಟ್ಟೆಯ ಮೃದುತ್ವದಲ್ಲಿ. ಉಳಿದ ನೂಲಿನ ಸೀರೆಗಳನ್ನಾದರೂ ಇಟ್ಟುಕೊಂಡೆವೇ ಎಂದರೆ, ಬಾಗಿಲಿಗೆ ಬಂದ ಪಾತ್ರೆಯವನಿಗೆ ಕೊಟ್ಟು ಸ್ಟೀಲಿನ ಡಬ್ಬಿ ಇಸಿದುಕೊಂಡೆವು. ಅಜ್ಜಿಯ ಮೂರು ಇಳಕಲ್ಲ ಸೀರೆಗೆ ಒಂದು ಡಬ್ಬಿ. ಆ ಡಬ್ಬಿಗಳು ಈಗ ಎಲ್ಲಿವೆಯೋ ನಾವರಿಯೆವು. ತಾಯಂದ್ರೇ, ಇನ್ನೂ ಯಾರ ಮನೆಯ ಅಟ್ಟದ ಮೇಲಾದರೂ ಅಂಥ ಗಂಟು ಇದ್ದರೆ ಪಾತ್ರೆಯವನಿಗೆ ಕೊಡಬೇಡಿರಿ ಎಂದು ಇಷ್ಟು ಹೇಳುವ ಸಲಿಗೆಯನ್ನು ನಮಗೆ ಕೊಡಬೇಕು.

ಹೊಳನಗದ್ದೆಯ ತಾಯಿಯ ಹಿರಿಯ ಮಗಳು ಈಗ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ಕಿರಿಯಳು ತಾಯಿಯ ಕೌದಿಗಳ ಚಿತ್ರವನ್ನು ಫೋನಿನಲ್ಲಿ ತೆಗೆದು ಹತ್ತಾರು ಊರುಗಳಿಗೆ ಕಳಿಸುತ್ತಾಳೆ. ಬೆಂಗಳೂರು, ಪುಣೆಗಳಿಂದ ಅಜ್ಜಿಯರ ಸೀರೆಗಳು ಪಾರ್ಸೆಲಿನಲ್ಲಿ ಬರುತ್ತವೆ. ಊರಿನ ನಾಲ್ಕು ಹೆಂಗಸರು ಇವರ ಜೊತೆಗೆ ಕುಳಿತು ಹೊಲಿಯಲು ಕಲಿತಿದ್ದಾರೆ. ಅವರಲ್ಲಿ ಆ ಅಂಬಿಗ ತಾಯಿಯ ಸೊಸೆಯೂ ಒಬ್ಬಳು. ಕೂಲಿಯನ್ನು ಈಗ ಪೂರ್ಣ ದಿನದ ಲೆಕ್ಕಕ್ಕೆ ಏರಿಸಿದ್ದಾರೆ. ನಾಲ್ವರ ಮನೆ ನಡೆಯಬೇಕಾದಾಗ ಅರ್ಧ ಕೂಲಿಯು ಧರ್ಮವಲ್ಲವೆಂದು ಅವರೇ ನಿರ್ಣಯಿಸಿದರು. ಬೆಲೆ ಹೆಚ್ಚಾಯಿತೆಂದು ಕೆಲವರು ಹಿಂದೆ ಸರಿದರು, ಹೆಚ್ಚಿನವರು ಉಳಿದರು.

ಈ ಬೇಸಗೆಯಲ್ಲಿ ಶ್ರೀಮಠದ ಉಗ್ರಾಣವನ್ನು ಸ್ವಚ್ಛಗೊಳಿಸಿದಾಗ ಹಿಂದಿನ ಪೂಜ್ಯರ ಕಾಲದ ಸವೆದ ಕಾವಿವಸ್ತ್ರಗಳು, ಪಂಕ್ತಿಯ ಹಾಸುಬಟ್ಟೆಗಳು ಎರಡು ಚೀಲದಷ್ಟು ದೊರೆತವು. ಪ್ರಸಾದನಿಲಯದ ಹೊಸ ವಟುಗಳಿಗೆ ಹನ್ನೆರಡು ಕೌದಿ ಹೊಲಿದುಕೊಡಬಹುದೇ ಎಂದು ಆ ತಾಯಿಗೆ ಹೇಳಿಕಳಿಸಿದೆವು. ಮಠದ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಲಾರೆ, ಇದು ನನ್ನ ಸೇವೆ ಎಂದು ಉತ್ತರ ಬಂದಿತು. ಜೊತೆಗೆ ಕುಳಿತು ಹೊಲಿಯುವ ನಾಲ್ವರ ಸೇವೆಯನ್ನು ತಾವೊಬ್ಬರೇ ಹೇಗೆ ಅರ್ಪಿಸುವಿರಿ ಎಂದು ನಾವು ಕೇಳಿದೆವು. ಹತ್ತು ದಿನ ಫೋನಿನಲ್ಲಿ ಈ ಜಗಳ ನಡೆದು ಕೊನೆಗೆ ಒಪ್ಪಂದವಾಯಿತು. ಹನ್ನೊಂದು ಕೌದಿಗೆ ಪೂರ್ಣ ಕೂಲಿ. ಹನ್ನೆರಡನೆಯದು ಆ ತಾಯಿಯ ಒಂಟಿ ಕೈಯ ದಾಸೋಹ, ಅದರಲ್ಲಿ ಬೇರೆಯವರ ಒಂದು ಹೊಲಿಗೆಯೂ ಬೀಳಕೂಡದು. ಮಳೆ ಹಿಡಿಯುವುದಕ್ಕೆ ಮುಂಚೆ ಬಟ್ಟೆ ತಲುಪಬೇಕೆಂದು ಅವರ ತಾಕೀತು ಇದ್ದುದರಿಂದ ಎರಡೂ ಚೀಲಗಳನ್ನು ಕಳೆದ ವಾರವೇ ಕುಮಟೆಯ ಬಸ್ಸಿಗೆ ಹಾಕಿಸಿದ್ದೇವೆ.